ಮನೆಯ ಚಿತ್ರ ಮನೆಯಲ್ಲೇ ಬದಲಾಗಲಿ

ಮೇ-ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಅರ್ಜಿಗಳ ಸುಗ್ಗಿ. ಮಗಳಿಗೆ ಕಾಲೇಜು ಪ್ರವೇಶ, ಮಗನಿಗೆ ವಿದ್ಯಾರ್ಥಿವೇತನ, ತಮ್ಮನಿಗೆ ಬ್ಯಾಂಕ್ ಪರೀಕ್ಷೆ, ಗಲ್ಫ್‌ನಲ್ಲಿರುವವರ ಕುಟುಂಬಕ್ಕೆ ವೀಸಾ ಕಾಗದಪತ್ರ, ಮತ್ತೆ ಹಿರಿಯರಿಗೆ ಹಜ್ಜ್ ಅರ್ಜಿ. ಹಿಂದೆ ಇದಕ್ಕೆಲ್ಲ ಸ್ಟುಡಿಯೋಕ್ಕೆ ಹೋಗಿ ಭಾವಚಿತ್ರ ತೆಗೆಸಿ, ಅಂಟು ಹಚ್ಚಿ, ಅಂಚೆಗೆ ಹಾಕಿದರೆ ಸಾಕಿತ್ತು. ಈಗ ಎಲ್ಲವೂ ಆನ್‌ಲೈನ್. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಅರ್ಜಿಗೆ ಸೇರಿಸಲು ಹೊರಟಾಗ ಕೆಂಪು ಅಕ್ಷರದಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: 'ಫೈಲ್ ಫಾರ್ಮ್ಯಾಟ್ ಸರಿಯಿಲ್ಲ. ಜೆಪೆಗ್ ಮಾತ್ರ ಹಾಕಿ. ಗಾತ್ರ 50 ಕೆ.ಬಿ. ಮೀರಬಾರದು.'

ಕೊನೆಯ ದಿನಾಂಕ ನಾಳೆ. ಆಗ ನಾವೇನು ಮಾಡುತ್ತೇವೆ? ಗೂಗಲ್‌ನಲ್ಲಿ ಹುಡುಕುತ್ತೇವೆ. ಮೊದಲು ಸಿಕ್ಕಿದ ತಾಣವನ್ನು ತೆರೆಯುತ್ತೇವೆ. ಮಗಳ ಭಾವಚಿತ್ರ, ಅವಳ ಸಹಿ, ಆಧಾರ್ ಕಾರ್ಡಿನ ಪ್ರತಿ, ಪಾಸ್‌ಪೋರ್ಟಿನ ಪುಟ ಎಲ್ಲವನ್ನೂ ಒಂದೊಂದಾಗಿ ಅಲ್ಲಿಗೆ ಹಾಕುತ್ತೇವೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹಣವನ್ನೂ ಕೇಳಲಿಲ್ಲವಲ್ಲ ಎಂದು ಸಮಾಧಾನಪಡುತ್ತೇವೆ.

ಆದರೆ ಆ ಚಿತ್ರಗಳು ಎಲ್ಲಿಗೆ ಹೋದವು? ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಕುಳಿತಿವೆ? ಅದರ ಮಾಲೀಕ ಯಾರು? ಬೀದಿಯಲ್ಲಿ ಸಿಕ್ಕಿದ ಅಪರಿಚಿತನ ಕೈಗೆ ಮನೆಯ ಆಲ್ಬಮ್ಮನ್ನು ಕೊಡಲು ನಾವು ಒಪ್ಪುವುದಿಲ್ಲ. ಇಲ್ಲಿ ಮಾತ್ರ ಅದನ್ನೇ ಮಾಡಿ ಮರೆತುಬಿಡುತ್ತೇವೆ.

ಸಂತೋಷದ ವಿಷಯವೇನೆಂದರೆ, ಚಿತ್ರವನ್ನು ಎಲ್ಲಿಗೂ ಕಳುಹಿಸದೆ, ನಮ್ಮ ಬ್ರೌಸರಿನ ಒಳಗೆಯೇ ಅದರ ರೂಪ ಬದಲಾಯಿಸಲು ಈಗ ಸಾಧ್ಯವಿದೆ. ಅದು ಹೇಗೆ ಎಂಬುದನ್ನು ಈ ತಿಂಗಳು ತಿಳಿದುಕೊಳ್ಳೋಣ.

ಹೆಸರು ಬದಲಿಸಿದರೆ ರೂಪ ಬದಲಾಗದು

ಹಲವರು ಒಂದು ಉಪಾಯ ಮಾಡುತ್ತಾರೆ. ಕಡತದ ಹೆಸರಿನ ಕೊನೆಯಲ್ಲಿರುವ ಅಕ್ಷರಗಳನ್ನು ಅಳಿಸಿ ಅಲ್ಲಿ ಜೆಪೆಗ್ ಎಂದು ಬರೆಯುತ್ತಾರೆ. ಇದು ಉಪ್ಪಿನ ಡಬ್ಬಿಗೆ ಸಕ್ಕರೆಯ ಚೀಟಿ ಅಂಟಿಸಿದಂತೆ. ಕಂಪ್ಯೂಟರ್ ಚೀಟಿಯನ್ನು ಮಾತ್ರ ನೋಡುವುದಿಲ್ಲ, ಒಳಗನ್ನೂ ನೋಡುತ್ತದೆ. ಜೆಪೆಗ್ ಕಡತವಾದರೆ ಅದರ ಮೊದಲ ಎರಡು ಅಂಕಿಗಳು 255 ಮತ್ತು 216 ಆಗಿರಲೇಬೇಕು. ಪಿಎನ್‌ಜಿ ಕಡತದ ಮೊದಲ ಅಂಕಿ 137. ಅದರ ಬೆನ್ನಿಗೇ ಪಿ, ಎನ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅರ್ಜಿಯ ತಾಣ ಈ ಗುರುತನ್ನು ಪರೀಕ್ಷಿಸಿದರೆ ಹುಸಿ ಹೆಸರು ಅಲ್ಲೇ ಸಿಕ್ಕಿಬೀಳುತ್ತದೆ.

ನಿಜವಾದ ರೂಪಾಂತರಕ್ಕೆ ಎರಡು ಹೆಜ್ಜೆಗಳಿವೆ. ಮೊದಲು ಹಳೆಯ ಕಡತವನ್ನು ಬಿಚ್ಚಿ, ಚಿತ್ರವನ್ನು ಬಣ್ಣದ ಚುಕ್ಕಿಗಳಾಗಿ ಹರಡಬೇಕು. ಆ ಬಳಿಕ ಆ ಚುಕ್ಕಿಗಳನ್ನು ಹೊಸ ಕ್ರಮದಲ್ಲಿ ಕಟ್ಟಬೇಕು. ಮಡಚಿಟ್ಟ ಸೀರೆಯನ್ನು ಪೂರ್ತಿ ಬಿಚ್ಚಿ, ಬೇರೆ ಪೆಟ್ಟಿಗೆಗೆ ಸರಿಹೊಂದುವಂತೆ ಮತ್ತೆ ಮಡಚುವ ಹಾಗೆ.

ಈ ಪೆಟ್ಟಿಗೆಗಳು ಒಂದೆರಡಲ್ಲ. ಜಿಫ್ 1987ರಲ್ಲಿ ಬಂತು. ಅದರಲ್ಲಿ ಬಳಸಿದ್ದ ಒಂದು ವಿಧಾನದ ಪೇಟೆಂಟ್ ಬಗ್ಗೆ 1994ರ ಕೊನೆಯಲ್ಲಿ ತಗಾದೆ ಎದ್ದಾಗ, ಯಾರಿಗೂ ಶುಲ್ಕ ಕೊಡಬೇಕಿಲ್ಲದ ಪಿಎನ್‌ಜಿಯನ್ನು ತಜ್ಞರು ಸೇರಿ 1996ರಲ್ಲಿ ರೂಪಿಸಿದರು. ಗೂಗಲ್ 2010ರಲ್ಲಿ ವೆಬ್‌ಪಿಯನ್ನು ಹೊರತಂದಿತು. ಐಫೋನ್‌ಗಳು 2017ರ ಸೆಪ್ಟೆಂಬರಿನಿಂದ ಎಚ್‌ಇಐಸಿ ಎಂಬ ರೂಪದಲ್ಲಿ ಚಿತ್ರ ಉಳಿಸತೊಡಗಿದವು. ಇದು ಕಡಿಮೆ ಜಾಗ ಹಿಡಿಯುತ್ತದೆ ನಿಜ. ಆದರೆ ನಮ್ಮ ಅರ್ಜಿ ತಾಣಗಳಲ್ಲಿ ಹೆಚ್ಚಿನವು ಕೇಳುವುದು ಇಂದಿಗೂ ಹಳೆಯ ಜೆಪೆಗನ್ನೇ. ತಲೆನೋವು ಆರಂಭವಾಗುವುದು ಇಲ್ಲಿಂದಲೇ.

ಬೆಂಗಳೂರಿನ ಮಗ ಕೊಟ್ಟ ಗಣಿತ

ಜೆಪೆಗ್ ಎಂದರೆ 1986ರಲ್ಲಿ ಸೇರಿದ ತಜ್ಞರ ಸಮಿತಿಯ ಹೆಸರು. ಅವರ ಮಾನದಂಡ 1992ರಲ್ಲಿ ಸಿದ್ಧವಾಯಿತು. ಆದರೆ ಅದರ ಹೃದಯದಲ್ಲಿರುವ ಲೆಕ್ಕವನ್ನು ಕಂಡುಹಿಡಿದವರು ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ, ಅಮೆರಿಕಕ್ಕೆ ಹೋಗಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದವರು ಅವರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರವನ್ನು ಕುಗ್ಗಿಸಲು ಒಂದು ಹೊಸ ದಾರಿ ಅವರಿಗೆ ಹೊಳೆಯಿತು. ಸಂಶೋಧನೆಗೆ ಹಣ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಪರಿಶೀಲಿಸಿದವರಲ್ಲಿ ಒಬ್ಬರಿಗೆ ಆ ವಿಚಾರ ತೀರಾ ಸರಳವೆನಿಸಿತ್ತಂತೆ! ಅಹ್ಮದ್ ಬಿಡಲಿಲ್ಲ. 1973ರ ಬೇಸಿಗೆಯನ್ನಿಡೀ ಅದಕ್ಕೇ ಮುಡಿಪಿಟ್ಟರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸಹೋದ್ಯೋಗಿ ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಜೆಪೆಗ್ ಚಿತ್ರ ತೆರೆದರೂ ಆ ಪ್ರಬಂಧದ ಲೆಕ್ಕ ನಡೆಯುತ್ತದೆ.

ಆ ಲೆಕ್ಕದ ತಿರುಳು ಇಷ್ಟೇ. ಸಾಮಾನ್ಯ ಮೊಬೈಲ್ ಚಿತ್ರವೊಂದರಲ್ಲಿ ಅಡ್ಡಕ್ಕೆ 4032, ಉದ್ದಕ್ಕೆ 3024 ಚುಕ್ಕಿಗಳಿವೆ ಎಂದಿಟ್ಟುಕೊಳ್ಳಿ. ಒಟ್ಟು 1 ಕೋಟಿ 21 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳನ್ನು ಬರೆದರೆ ಕಡತದ ತೂಕ 36 ಎಂ.ಬಿ. ದಾಟುತ್ತದೆ. ಜೆಪೆಗ್ ಈ ಚಿತ್ರವನ್ನು ಎಂಟಕ್ಕೆ ಎಂಟರಂತೆ 64 ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಬಣ್ಣ ಎಷ್ಟು, ಚಟಚಟನೆ ಬದಲಾಗುವ ಸೂಕ್ಷ್ಮ ಗೆರೆ ಎಷ್ಟು ಎಂದು ಬೇರ್ಪಡಿಸುತ್ತದೆ. ನಮ್ಮ ಕಣ್ಣು ಸೂಕ್ಷ್ಮ ಬದಲಾವಣೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದ್ದರಿಂದ ಆ ಭಾಗವನ್ನು ಒರಟಾಗಿ ಬರೆದು ಜಾಗ ಉಳಿಸುತ್ತದೆ. ಹೀಗೆ 36 ಎಂ.ಬಿ.ಯ ಚಿತ್ರ ಮೂರು-ನಾಲ್ಕು ಎಂ.ಬಿ.ಗೆ ಇಳಿಯುತ್ತದೆ.

ಇದರಿಂದ ಎರಡು ಪಾಠಗಳಿವೆ. ಜೆಪೆಗ್ ಪ್ರತಿ ಬಾರಿ ಹೊಸದಾಗಿ ಉಳಿಸಿದಾಗಲೂ ಸ್ವಲ್ಪ ಕಳೆದುಕೊಳ್ಳುತ್ತದೆ. ಹಾಗಾಗಿ ಮೂಲಚಿತ್ರವನ್ನು ಎಂದೂ ಅಳಿಸಬೇಡಿ. ಬದಲಾವಣೆ ಏನಿದ್ದರೂ ಪ್ರತಿಯಲ್ಲಿ ಆಗಲಿ. ಇನ್ನು ಪಿಎನ್‌ಜಿ ಏನನ್ನೂ ಕಳೆಯುವುದಿಲ್ಲ. ಆದ್ದರಿಂದ ಅಕ್ಷರಗಳಿರುವ ಅಂಕಪಟ್ಟಿ, ಸಹಿ ಮುಂತಾದವಕ್ಕೆ ಅದು ಚೆನ್ನ; ಮುಖದ ಚಿತ್ರಕ್ಕೆ ಜೆಪೆಗ್ ಸಾಕು.

ಬ್ರೌಸರಿನ ಒಳಗಿನ ಕಾರ್ಖಾನೆ

ಇಪ್ಪತ್ತು ವರ್ಷಗಳ ಹಿಂದೆ ಬ್ರೌಸರ್ ಎಂದರೆ ಪುಟ ತೋರಿಸುವ ಕಿಟಕಿ ಮಾತ್ರ. ಚಿತ್ರ ಬದಲಾಯಿಸಬೇಕಾದರೆ ಸಾಫ್ಟ್‌ವೇರ್ ಸ್ಥಾಪಿಸಬೇಕಿತ್ತು, ಇಲ್ಲವೇ ಯಾವುದಾದರೂ ತಾಣದ ಸರ್ವರಿಗೆ ಕಳುಹಿಸಬೇಕಿತ್ತು. ಬರಬರುತ್ತಾ ಪರಿಸ್ಥಿತಿ ಬದಲಾಯಿತು. 2004ರಲ್ಲಿ ಆಪಲ್ ತನ್ನ ಬ್ರೌಸರಿಗೆ 'ಕ್ಯಾನ್ವಾಸ್' ಎಂಬ ಚಿತ್ರಫಲಕವನ್ನು ಸೇರಿಸಿತು. ಬೇರೆಯವರೂ ಅದನ್ನು ಅಳವಡಿಸಿಕೊಂಡರು. ನಾವು ಆರಿಸಿಕೊಟ್ಟ ಕಡತವನ್ನು ಪುಟವು ನಮ್ಮ ಯಂತ್ರದಲ್ಲೇ ಓದುವ ಸೌಲಭ್ಯ ನಂತರ ಬಂತು. 2017ರಲ್ಲಿ ನಾಲ್ಕು ಪ್ರಮುಖ ಬ್ರೌಸರುಗಳೂ 'ವೆಬ್‌ಅಸೆಂಬ್ಲಿ'ಯನ್ನು ಒಪ್ಪಿಕೊಂಡವು. ಹಿಂದೆ ಸ್ಥಾಪಿಸಿಯೇ ಬಳಸಬೇಕಿದ್ದ ಭಾರೀ ತಂತ್ರಾಂಶಗಳು ಇದರಿಂದಾಗಿ ಪುಟದೊಳಗೆ ವೇಗವಾಗಿ ಓಡಲು ಸಾಧ್ಯವಾಯಿತು.

ಈಗ ಒಳ್ಳೆಯ ರೂಪಾಂತರ ಪುಟವೊಂದನ್ನು ತೆರೆದಾಗ ನಡೆಯುವುದು ಇದು: ಆ ತಾಣದಿಂದ ಕೆಲಸದ ವಿಧಾನ ನಮ್ಮ ಮನೆಗೆ ಬರುತ್ತದೆ, ನಮ್ಮ ಚಿತ್ರ ಅಲ್ಲಿಗೆ ಹೋಗುವುದಿಲ್ಲ. ಪುಟವು ನಾವು ಆರಿಸಿದ ಕಡತವನ್ನು ನಮ್ಮ ಯಂತ್ರದ ಸ್ಮರಣೆಗೆ ತೆಗೆದುಕೊಳ್ಳುತ್ತದೆ, ಫಲಕದ ಮೇಲೆ ಬಿಡಿಸುತ್ತದೆ, ನಾವು ಹೇಳಿದ ರೂಪದಲ್ಲಿ ಮತ್ತೆ ಕಟ್ಟಿ ಡೌನ್‌ಲೋಡ್ ಫೋಲ್ಡರಿಗೆ ಹಾಕುತ್ತದೆ. ಮಿಕ್ಸಿಯನ್ನು ನೆರೆಮನೆಯಿಂದ ತಂದು ನಮ್ಮ ಅಡುಗೆಮನೆಯಲ್ಲೇ ಮಸಾಲೆ ಅರೆದ ಹಾಗೆ. ಮಸಾಲೆ ಹೊರಗೆ ಹೋಗಲೇ ಇಲ್ಲ.

ಗೂಗಲ್ ಕ್ರೋಮ್ ತಂಡದವರು 2018ರ ನವೆಂಬರಿನಲ್ಲಿ ಹೊರತಂದ 'ಸ್ಕ್ವೂಶ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಡಕ್ಕೆ ಮೂಲಚಿತ್ರ, ಬಲಕ್ಕೆ ಹೊಸ ಚಿತ್ರ ಕಾಣಿಸುತ್ತದೆ. ಗುಣಮಟ್ಟದ ಗುಂಡಿಯನ್ನು ಸರಿಸಿದಂತೆ ಕಡತದ ತೂಕ ಎಷ್ಟಾಯಿತೆಂದು ಕೆಳಗೆ ಬರುತ್ತದೆ. ಎಚ್‌ಇಐಸಿ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಸಫಾರಿ ಅದನ್ನು 2023ರಿಂದ ತಾನಾಗಿ ತೆರೆಯುತ್ತದೆ, ಕ್ರೋಮ್ ತೆರೆಯುವುದಿಲ್ಲ. ಆದ್ದರಿಂದ ಕ್ರೋಮ್‌ನಲ್ಲಿ ಎಚ್‌ಇಐಸಿ ಬದಲಾಯಿಸುವ ಪುಟವು ಅದನ್ನು ಬಿಚ್ಚುವ ಉಪಕರಣವನ್ನೂ ಜೊತೆಗೆ ತರಬೇಕಾಗುತ್ತದೆ.

ಪರೀಕ್ಷಿಸಿ ನೋಡುವ ಬಗೆ

'ನಿಮ್ಮ ಚಿತ್ರ ಎಲ್ಲೂ ಹೋಗುವುದಿಲ್ಲ' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. 'ಒಂದು ಗಂಟೆಯ ಬಳಿಕ ಅಳಿಸುತ್ತೇವೆ' ಎಂದೂ ಹಲವು ತಾಣಗಳು ಹೇಳುತ್ತವೆ. ಇದು ಬಾಯಿಮಾತು, ಅಳಿಸಿದರೋ ಇಲ್ಲವೋ ಎಂದು ನೋಡಲು ನಮ್ಮಿಂದಾಗದು. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯ ಡೆನ್ವರ್ ಕಚೇರಿಯು ಇಂತಹ ಉಚಿತ ರೂಪಾಂತರ ತಾಣಗಳ ಬಗ್ಗೆಯೇ ಎಚ್ಚರಿಕೆ ನೀಡಿತ್ತು. ಕೆಲವು ತಾಣಗಳು ಹೇಳಿದ ಕೆಲಸವನ್ನು ಮಾಡಿಕೊಡುತ್ತಲೇ, ಮರಳಿಸುವ ಕಡತದಲ್ಲಿ ವೈರಸ್ ಅಡಗಿಸುತ್ತವೆ, ಕೊಟ್ಟ ಕಡತಗಳಿಂದ ಖಾಸಗಿ ಮಾಹಿತಿಯನ್ನು ಹೆಕ್ಕುತ್ತವೆ ಎಂಬುದು ಅದರ ಸಾರ.

ನಂಬಿಕೆಯ ಬದಲು ಪರೀಕ್ಷೆ ಮಾಡೋಣ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ರೂಪಾಂತರದ ಪುಟಕ್ಕೆ ಹೋಗಿ, ಮೊದಲು ಒಂದು ಹೂವಿನ ಚಿತ್ರವನ್ನೋ ತೆಂಗಿನ ಮರದ ಚಿತ್ರವನ್ನೋ ಬದಲಾಯಿಸಿ. ಬೇಕಾದ ಉಪಕರಣಗಳೆಲ್ಲ ಆಗ ಬಂದು ಸೇರುತ್ತವೆ. ಈಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವೈಫೈ ಕೂಡಾ ಆಫ್ ಆಗಿದೆಯೇ ಎಂದು ನೋಡಿ. ಕಂಪ್ಯೂಟರಾದರೆ ಇಂಟರ್‌ನೆಟ್ ತಂತಿಯನ್ನು ಕಳಚಿ. ಪುಟವನ್ನು ಮುಚ್ಚದೆ ಇನ್ನೊಮ್ಮೆ ಚಿತ್ರ ಬದಲಾಯಿಸಿ. ಕೆಲಸ ನಡೆಯಿತೇ? ಹಾಗಾದರೆ ಅದು ನಿಮ್ಮ ಯಂತ್ರದಲ್ಲೇ ನಡೆದಿದೆ. ನಿಂತುಹೋಯಿತೇ? ಆ ಪುಟ ಸರ್ವರನ್ನು ಅವಲಂಬಿಸಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಬಿಟ್ಟುಬಿಡಿ.

ಆಧಾರ್, ಪಾಸ್‌ಪೋರ್ಟ್, ಮನೆಯವರ ಮುಖದ ಚಿತ್ರಗಳನ್ನು ಸಂಪರ್ಕ ಕಡಿದಿರುವಾಗಲೇ ಬದಲಾಯಿಸಿ. ಹೊಸ ಕಡತ ಉಳಿಸಿದ ಕೂಡಲೇ ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚಿ, ಆ ಬಳಿಕವೇ ಇಂಟರ್‌ನೆಟ್ ಚಾಲೂ ಮಾಡಿ. ಪುಟವನ್ನು ತೆರೆದಿಟ್ಟು ಸಂಪರ್ಕ ಕೊಟ್ಟರೆ, ಅದುವರೆಗೆ ಸುಮ್ಮನಿದ್ದ ಪುಟ ಆಗ ಕಳುಹಿಸಲಾರದು ಎಂದು ಹೇಳುವಂತಿಲ್ಲ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಹೋಗಲಾಡಿಸಬೇಕು. ಇನ್‌ಕಾಗ್ನಿಟೊ ಎಂದರೆ ಚಿತ್ರ ಹೊರಗೆ ಹೋಗದಂತೆ ತಡೆಯುವ ಬೀಗವಲ್ಲ. ಕಿಟಕಿ ಮುಚ್ಚಿದ ಬಳಿಕ ನಮ್ಮ ಯಂತ್ರದಲ್ಲಿ ಆ ಭೇಟಿಯ ಗುರುತುಗಳನ್ನು ಅಳಿಸುವುದಷ್ಟೇ ಅದರ ಕೆಲಸ. ಅಲ್ಲಿಂದ ಸರ್ವರಿಗೆ ಕಳುಹಿಸಿದ ಚಿತ್ರ ಹೋದದ್ದು ಹೋದಂತೆಯೇ.

ಚಿತ್ರದ ಹಿಂದೆ ಬರೆದಿರುವುದು

ಹಳೆಯ ಫೋಟೋಗಳ ಹಿಂಬದಿಯಲ್ಲಿ ಹಿರಿಯರು ದಿನಾಂಕ, ಊರು ಬರೆದಿಡುತ್ತಿದ್ದರು. ಈಗ ಕ್ಯಾಮೆರಾವೇ ಅದನ್ನು ಬರೆಯುತ್ತದೆ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ವ್ಯವಸ್ಥೆಯ ಪ್ರಕಾರ, ಚಿತ್ರ ತೆಗೆದ ದಿನ, ಗಂಟೆ, ಮೊಬೈಲಿನ ಮಾದರಿ, ಸ್ಥಳ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ ಅಕ್ಷಾಂಶ-ರೇಖಾಂಶ ಕೂಡಾ ಕಡತದೊಳಗೆ ಅಡಗಿರುತ್ತದೆ. 2012ರ ಡಿಸೆಂಬರಿನಲ್ಲಿ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲದಲ್ಲಿದ್ದಾರೆಂದು ಜಗತ್ತಿಗೆ ತಿಳಿದದ್ದು, ಪತ್ರಿಕೆಯೊಂದು ಪ್ರಕಟಿಸಿದ ಅವರ ಚಿತ್ರದೊಳಗಿನ ಇಂತಹ ಅಂಕಿಗಳಿಂದಲೇ. ಅಂಗಳದಲ್ಲಿ ಆಡುವ ಮಗುವಿನ ಚಿತ್ರದಲ್ಲಿ ನಮ್ಮ ಮನೆಯ ವಿಳಾಸವೇ ಇರಬಹುದು.

ಕ್ಯಾನ್ವಾಸ್ ಫಲಕದ ಮೂಲಕ ರೂಪ ಬದಲಾದಾಗ ಇಲ್ಲೊಂದು ಲಾಭವಿದೆ. ಫಲಕದ ಮೇಲೆ ಬೀಳುವುದು ಕಣ್ಣಿಗೆ ಕಾಣುವ ಚುಕ್ಕಿಗಳು ಮಾತ್ರ. ಹಿಂಬದಿಯ ಬರಹ ಹೊಸ ಕಡತಕ್ಕೆ ಬರುವುದಿಲ್ಲ. ಆದರೆ ಬೇಕೆಂದೇ ಈ ವಿವರಗಳನ್ನು ಉಳಿಸಿಕೊಡುವ ಉಪಕರಣಗಳೂ ಇವೆ. ಆದ್ದರಿಂದ ಹೊಸ ಕಡತದ ವಿವರಗಳನ್ನು ತೆರೆದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವಾಟ್ಸ್‌ಆಪ್‌ನಲ್ಲಿ ಚಿತ್ರವನ್ನು ಫೋಟೋ ಆಗಿ ಕಳುಹಿಸಿದರೆ ಸ್ಥಳದ ವಿವರ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹಾಗೆಯೇ ಉಳಿಯುತ್ತದೆ ಎಂಬುದೂ ನೆನಪಿರಲಿ.

ಕತ್ತರಿಸಿದ ಭಾಗ ನಿಜವಾಗಿ ಹೋಯಿತೇ ಎಂಬ ಪ್ರಶ್ನೆಯೂ ಇದೆ. 2023ರ ಮಾರ್ಚ್‌ನಲ್ಲಿ ಸಂಶೋಧಕರು ಒಂದು ಲೋಪವನ್ನು ಬಯಲಿಗೆ ತಂದರು. ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಉಪಕರಣದಲ್ಲಿ ಕತ್ತರಿಸಿ ಉಳಿಸಿದ ಚಿತ್ರದ ಬಾಲದಲ್ಲಿ ಹಳೆಯ ಚಿತ್ರದ ತುಣುಕು ಉಳಿದುಬಿಡುತ್ತಿತ್ತು. ಬಲ್ಲವರು ಅದರಿಂದ ಮುಚ್ಚಿಟ್ಟ ಭಾಗವನ್ನು ಮರಳಿ ಪಡೆಯಬಹುದಿತ್ತು. ವಿಂಡೋಸ್‌ನ ಸ್ನಿಪಿಂಗ್ ಟೂಲ್‌ನಲ್ಲೂ ಅಂತಹದೇ ದೋಷ ಕಂಡುಬಂತು. ಎರಡನ್ನೂ ಸರಿಪಡಿಸಲಾಯಿತು. ಆದರೆ ಅದಕ್ಕೂ ಮೊದಲು ಹಂಚಿದ ಚಿತ್ರಗಳು ತಾವಾಗಿ ಸರಿಹೋಗಲಾರವು. ಕತ್ತರಿಸಿದ ಬಳಿಕ ಚಿತ್ರವನ್ನು ಬೇರೆ ರೂಪಕ್ಕೆ ಹೊಸದಾಗಿ ಕಟ್ಟಿದರೆ ಇಂತಹ ಬಾಲ ಉಳಿಯದು. ಆಧಾರ್ ಸಂಖ್ಯೆ ಮುಚ್ಚುವಾಗ ಹೈಲೈಟರ್ ಪೆನ್ನಿನಿಂದ ಗೀಚಬೇಡಿ, ಅದರಡಿಯ ಅಂಕಿಗಳನ್ನು ಓದಲು ಬರುತ್ತದೆ. ದಟ್ಟವಾದ ಕಪ್ಪು ಚೌಕ ಇಡಿ. ಅದಕ್ಕಿಂತಲೂ ಉತ್ತಮವೆಂದರೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಅನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ. ಅದನ್ನು ಒಪ್ಪುವ ಕಡೆಗಳಲ್ಲಿ ಅದನ್ನೇ ಬಳಸಿ.

ಅರ್ಜಿಗೆ ಬೇಕಾದ ಅಳತೆ

ಬ್ಯಾಂಕ್ ಸಿಬ್ಬಂದಿ ನೇಮಕಾತಿಯ ಐಬಿಪಿಎಸ್ ಅರ್ಜಿಗಳು ಭಾವಚಿತ್ರ 20ರಿಂದ 50 ಕೆ.ಬಿ., ಸಹಿ 10ರಿಂದ 20 ಕೆ.ಬಿ. ಇರಬೇಕೆಂದು ಕೇಳುತ್ತವೆ. ಭಾವಚಿತ್ರಕ್ಕೆ ಅವರು ಸೂಚಿಸುವ ಅಳತೆ 200 ಅಡ್ಡ, 230 ಉದ್ದದ ಚುಕ್ಕಿಗಳು. ಹೆಚ್ಚಿನವರು ಚಿತ್ರದ ಅಳತೆಯನ್ನು ಹಾಗೆಯೇ ಬಿಟ್ಟು ಗುಣಮಟ್ಟವನ್ನು ಮಾತ್ರ ಕೆಳಗಿಳಿಸುತ್ತಾ ಹೋಗುತ್ತಾರೆ. ಮುಖ ಮಸುಕಾಗುತ್ತದೆ, ತೂಕ ಮಾತ್ರ ಇಳಿಯುವುದಿಲ್ಲ. ಸರಿಯಾದ ಕ್ರಮ ಬೇರೆ. ಮೊದಲು ಮುಖ ಮತ್ತು ಭುಜದ ಭಾಗವನ್ನು ಕತ್ತರಿಸಿ. ಆಮೇಲೆ ಅಳತೆಯನ್ನು 200ಕ್ಕೆ 230 ಮಾಡಿ. ಅಲ್ಲಿ ಉಳಿಯುವುದು 46 ಸಾವಿರ ಚುಕ್ಕಿಗಳು ಮಾತ್ರ. ಮೂಲಚಿತ್ರಕ್ಕಿಂತ ಸುಮಾರು 265 ಪಟ್ಟು ಕಡಿಮೆ. ಕೊನೆಗೆ ಗುಣಮಟ್ಟದ ಗುಂಡಿಯನ್ನು ಆಚೀಚೆ ಸರಿಸಿ ಬೇಕಾದ ತೂಕಕ್ಕೆ ತನ್ನಿ. ಮುಖವೂ ಸ್ಪಷ್ಟ, ಅರ್ಜಿಯೂ ಸ್ವೀಕೃತ.

ಹಿನ್ನೆಲೆಯಿಲ್ಲದ ಪಿಎನ್‌ಜಿ ಸಹಿಯನ್ನು ಜೆಪೆಗ್ ಮಾಡಿದಾಗ ಕೆಲವೊಮ್ಮೆ ಇಡೀ ಚಿತ್ರ ಕಪ್ಪಾಗಿಬಿಡುತ್ತದೆ. ಗಾಬರಿ ಬೇಡ. ಜೆಪೆಗ್‌ಗೆ ಪಾರದರ್ಶಕ ಹಿನ್ನೆಲೆ ಇಲ್ಲ. ಖಾಲಿ ಜಾಗಕ್ಕೆ ಕಪ್ಪು ತುಂಬಿಕೊಂಡಿರುತ್ತದೆ. ಬಿಳಿ ಹಿನ್ನೆಲೆ ಆರಿಸಿ ಮತ್ತೆ ಬದಲಾಯಿಸಿದರೆ ಸರಿಹೋಗುತ್ತದೆ.

ಹಲವು ಬಾರಿ ಯಾವ ತಾಣವೂ ಬೇಕಿಲ್ಲ. ವಿಂಡೋಸ್ ಕಂಪ್ಯೂಟರಿನ ಪೇಂಟ್‌ನಲ್ಲಿ ಪಿಎನ್‌ಜಿ ತೆರೆದು ಜೆಪೆಗ್ ಆಗಿ ಉಳಿಸಬಹುದು. ಐಫೋನ್‌ನ ಫೈಲ್ಸ್ ಆಪ್‌ನಲ್ಲಿ ಚಿತ್ರವನ್ನು ಒತ್ತಿ ಹಿಡಿದರೆ ರೂಪ ಬದಲಾಯಿಸುವ ಸೌಲಭ್ಯ ಸಿಗುತ್ತದೆ. ಐಫೋನ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಂಡರೆ ಚಿತ್ರಗಳು ಮೊದಲಿನಿಂದಲೇ ಜೆಪೆಗ್ ಆಗಿರುತ್ತವೆ.

ಸೈಬರ್ ಸೆಂಟರಿಗೆ ಹೋಗಲೇಬೇಕಾದವರು ಅರ್ಜಿ ಮುಗಿದ ಮೇಲೆ ಡೌನ್‌ಲೋಡ್ ಫೋಲ್ಡರ್ ಮತ್ತು ರಿಸೈಕಲ್ ಬಿನ್ ಎರಡನ್ನೂ ಖಾಲಿ ಮಾಡಿಸಿ. ಚಿತ್ರವನ್ನು ವಾಟ್ಸ್‌ಆಪ್ ವೆಬ್ ಮೂಲಕ ತೆರೆದಿದ್ದರೆ ಅಲ್ಲಿಂದ ಲಾಗ್‌ಔಟ್ ಆಗದೆ ಏಳಬೇಡಿ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವವರು ಯಾರೆಂದು ಅವರಿಗೂ ತಿಳಿದಿರುವುದಿಲ್ಲ.

ಇಷ್ಟೆಲ್ಲ ಏಕೆ?

'ನಾವೇನು ದೊಡ್ಡ ಮನುಷ್ಯರೇ? ನಮ್ಮ ಚಿತ್ರ ಯಾರಿಗೆ ಬೇಕು?' ಎಂದು ಕೇಳುವವರಿದ್ದಾರೆ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಆಪ್‌ಗಳಲ್ಲಿ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಹಾಕಿ 'ಹರಾಜು' ಎಂದು ಬರೆದ ವಿಕೃತಿಯನ್ನು ದೇಶ ಕಂಡಿದೆ. ಪತ್ರಕರ್ತೆಯರು, ವಿದ್ಯಾರ್ಥಿನಿಯರು ಅದರಲ್ಲಿದ್ದರು. ಬಂಧನಗಳೂ ನಡೆದವು. ಅಲ್ಲಿ ಬಳಸಿದ್ದು ಸಾಮಾಜಿಕ ಜಾಲತಾಣಗಳಿಂದ ಎತ್ತಿಕೊಂಡ ಚಿತ್ರಗಳನ್ನು. ಅವು ರೂಪಾಂತರ ತಾಣಗಳಿಂದ ಸೋರಿದ್ದಲ್ಲ. ಆ ಮಹಿಳೆಯರದು ಯಾವ ತಪ್ಪೂ ಇರಲಿಲ್ಲ, ಅಪರಾಧ ಕದ್ದವರದ್ದೇ. ಆದರೆ ಒಂದು ಸಾಧಾರಣ ಮುಖದ ಚಿತ್ರ ಕೆಟ್ಟ ಕೈಗಳಿಗೆ ಸಿಕ್ಕಿದರೆ ಏನಾಗಬಹುದೆಂದು ಅದು ತೋರಿಸಿಕೊಟ್ಟಿತು. ಮುಖದೊಂದಿಗೆ ಸಹಿ, ಜನ್ಮದಿನಾಂಕ, ಆಧಾರ್ ಸಂಖ್ಯೆಯೂ ಸೇರಿ ಸಿಕ್ಕಿದರೆ ಹೇಗಿರಬಹುದು?

ಖಾಸಗಿತನವೆಂಬುದು ಶ್ರೀಮಂತರ ಸೊಗಸಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಅದು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಪ್ರತ್ಯೇಕ ಕಾನೂನನ್ನೂ ಮಾಡಿತು. ಆದರೆ ವಿಳಾಸವಿಲ್ಲದ, ಎಲ್ಲೋ ಹೊರದೇಶದಲ್ಲಿ ಕುಳಿತ ತಾಣವನ್ನು ಹುಡುಕಿ ನ್ಯಾಯ ಪಡೆಯುವುದು ಸಾಮಾನ್ಯ ಗೃಹಿಣಿಗೆ ಸುಲಭವಲ್ಲ. ಕಳುಹಿಸದೆ ಇರುವುದೇ ಹೆಚ್ಚು ಗಟ್ಟಿಯಾದ ರಕ್ಷಣೆ.

ಇನ್ನು, ಅನಾಹುತ ಆಗಿಯೇ ಹೋದರೆ? ಯಾರಾದರೂ ಖಾಸಗಿ ಚಿತ್ರವಿಟ್ಟು ಬೆದರಿಸಿದರೆ ಹೆಣ್ಣುಮಕ್ಕಳು ಒಳಗೊಳಗೇ ಕೊರಗುತ್ತಾರೆ, ಕೆಲವರು ಜೀವಕ್ಕೇ ಸಂಚಕಾರ ತಂದುಕೊಳ್ಳುತ್ತಾರೆ. ಇಲ್ಲಿಯೂ ಇದೇ ಬ್ರೌಸರ್ ತಂತ್ರ ನೆರವಿಗೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಆರಂಭವಾದ 'ಸ್ಟಾಪ್ ಎನ್‌ಸಿಐಐ' ಎಂಬ ಸೇವೆಯಲ್ಲಿ ಚಿತ್ರವನ್ನು ಯಾರಿಗೂ ತೋರಿಸಬೇಕಿಲ್ಲ. ನಮ್ಮ ಯಂತ್ರದಲ್ಲೇ ಆ ಚಿತ್ರದಿಂದ ಬೆರಳಚ್ಚಿನಂತಹ ಒಂದು ಸಂಕೇತ ತಯಾರಾಗುತ್ತದೆ. ಹೊರಗೆ ಹೋಗುವುದು ಸಂಕೇತ ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವು ಅದಕ್ಕೆ ಹೊಂದುವ ಚಿತ್ರಗಳನ್ನು ತಡೆಯಲು ಅದನ್ನು ಬಳಸುತ್ತವೆ. ಅದು 18 ತುಂಬಿದವರಿಗೆ. 18ರೊಳಗೆ ತೆಗೆದ ಚಿತ್ರಗಳಿಗೆ 2023ರಲ್ಲಿ ಆರಂಭವಾದ 'ಟೇಕ್ ಇಟ್ ಡೌನ್' ಇದೆ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಇಂತಹ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಬೆದರಿಸುವವನಿಗೆ ಹಣ ಕೊಟ್ಟು ಬಾಯಿ ಮುಚ್ಚಿಸಲು ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಎಲ್ಲಕ್ಕಿಂತ ಮೊದಲು, ಮಗಳು ಬಂದು ಹೇಳಿಕೊಂಡಾಗ ಗದರಿಸದೆ ಕೇಳಿಸಿಕೊಳ್ಳುವ ತಾಯಿ ಮನೆಯಲ್ಲಿರಬೇಕು.

ಸಂಬಂಧಿಕರು, ನೆರೆಹೊರೆಯವರು ತಮ್ಮ ಕಾಗದಪತ್ರಗಳನ್ನೂ ನಮ್ಮ ಮೊಬೈಲಿಗೆ ಕಳುಹಿಸಿ 'ಇದನ್ನೊಂದು ಅರ್ಜಿಗೆ ಹಾಕಿಕೊಡು' ಎನ್ನುವುದುಂಟು. ಅದೂ ಒಂದು ಅಮಾನತ್ತೇ. ಕೆಲಸ ಮುಗಿದ ಮೇಲೆ ಅವರ ಚಿತ್ರಗಳನ್ನು ನಮ್ಮ ಮೊಬೈಲಿನಿಂದ ಅಳಿಸಿ, ಅಳಿಸಿದ್ದೇನೆಂದು ಅವರಿಗೆ ತಿಳಿಸಿ. ಮನೆಯ ಮಕ್ಕಳಿಗೆ ಏರೋಪ್ಲೇನ್ ಮೋಡ್‌ನ ಪರೀಕ್ಷೆಯನ್ನು ಇಂದೇ ಕಲಿಸಿಕೊಡಿ. ಹತ್ತು ನಿಮಿಷ ಸಾಕು. ಮುಂದಿನ ಅರ್ಜಿಯ ಕೊನೆಯ ದಿನಾಂಕ ಬರುವಷ್ಟರಲ್ಲಿ ಅವರೇ ನಿಮಗೆ ಮಾಡಿ ತೋರಿಸುತ್ತಾರೆ.